ನಮ್ಮನೆಯವರ ಹಿಂದಿನ ಟೈರು

ಟೈರ್ ಅಂಗಡಿಯ ಮೇಜಿನಿಂದ,
ಬುಧವಾರ, ೧೨ ಮಾರ್ಚ್

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಸೊಂಟ ಹೇಗಿದೆ? ಬೆಳಗ್ಗೆ ಎದ್ದ ಕೂಡಲೇ ಬೂಟಿನ ಲೇಸು ಕಟ್ಟೋಕೆ ಬಗ್ಗಬೇಡಿ, ಮೊದಲು ಸ್ವಲ್ಪ ಓಡಾಡಿ ಎಂದು ಡಾಕ್ಟರು ಹೇಳಿದ್ದು ನೆನಪಿದೆಯೋ, ಅದನ್ನೂ ದಾರಿಯಲ್ಲಿ ಎಲ್ಲೋ ಇಳಿಸಿಬಿಟ್ಟೆಯೋ? ಬಿ.ಪಿ. ಮಾತ್ರೆ ಮುಗಿಯುತ್ತಾ ಬಂದಿರಬೇಕು. ಈ ಪತ್ರದ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ಊಟವಾದ ಮೇಲೆ ನುಂಗು, ಬೈಕು ಚಾಲು ಮಾಡಿಟ್ಟುಕೊಂಡು ನುಂಗಬೇಡ. ನೀನು ಇನ್ನೂ ಒಂದಷ್ಟು ದಿನ ಹಾರ್ನ್ ಮಾವನ ಮನೆಯಲ್ಲೇ ಇರುತ್ತೀಯ ಎಂದು ಅವರೇ ಫೋನ್ ಮಾಡಿ ತಿಳಿಸಿದರು. "ನಿಮ್ಮಪ್ಪ ತಿಂತಾನೆ, ಮಲಗ್ತಾನೆ, ಮಾತೊಂದು ಬಿಟ್ಟು ಎಲ್ಲ ಸರಿಯಾಗಿದೆ" ಎಂದು ಅವರು ಹೇಳಿದ್ದು ಪಕ್ಕದ ಬೀಗದ ಅಂಗಡಿಗೂ ಕೇಳಿಸಿತು. ಲಾರಿ ಓಡಿಸುವುದು ಬಿಟ್ಟು ಇಷ್ಟು ವರ್ಷವಾದರೂ ಅವರ ಗಂಟಲು ಇನ್ನೂ ಹೆದ್ದಾರಿಯಲ್ಲೇ ಇದೆ. ಅಮ್ಮ ಅವರಿಗೆ ಸುಮ್ಮನೆ ಆ ಹೆಸರಿಟ್ಟಿರಲಿಲ್ಲ. ನಿನಗೆ ಫೋನ್ ಮಾಡಿದರೆ "ಹೂಂ", "ಸರಿ", "ಇಡ್ತೀನಿ", ಈ ಮೂರರಲ್ಲಿ ಮುಗಿಯುತ್ತದೆ. ಪತ್ರವನ್ನು ನೀನು ಅರ್ಧಕ್ಕೇ ಮಡಚಿಟ್ಟರೂ ಉಳಿದರ್ಧ ಅಲ್ಲೇ ಇರುತ್ತದಲ್ಲ, ಅದಕ್ಕೇ ಬರೆಯಲು ಕೂತೆ.

ಇನ್ನು ಟೈರಿನ ವಿಷಯ. ನನಗೆ ಗೊತ್ತಾಗುವುದಿಲ್ಲ ಅಂದುಕೊಂಡೆಯಾ? ಅಂಗಡಿಗೆ ರಜೆ ಇದ್ದ ಆ ಶುಕ್ರವಾರ ನಾನು ಅಮ್ಮನನ್ನು ತಲೆಯ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ನೀನು ಕಾಲಿಗೆ ಬುದ್ಧಿ ಹೇಳಿದ್ದೆ. ಬಾಗಿಲು ತೆಗೆದು ಒಳಗೆ ಕಾಲಿಟ್ಟ ಕೂಡಲೇ ಇಲ್ಲಿ ಕೆಲಸ ನಡೆದಿದೆ ಎಂದು ತಿಳಿಯಿತು. ಸೋಪಿನ ನೀರಿನ ಬಕೆಟ್ಟಿನಲ್ಲಿ ನೊರೆ ಇನ್ನೂ ಇಳಿದಿರಲಿಲ್ಲ, ಟೈರ್ ಬಿಚ್ಚುವ ಯಂತ್ರದ ಕೈ ಮೇಲೆತ್ತಿದ ಹಾಗೇ ಇತ್ತು, ಕಂಪ್ರೆಸರ್ ಬಿಸಿಯಾಗಿತ್ತು. ಕಪಾಟಿನಲ್ಲಿ ಹದಿನಾರು ಇಂಚಿನ ಕಾರ್ ಟೈರಿನ ಜಾಗ ಒಂದು ಖಾಲಿ. ನಿನ್ನ ಬೈಕಿನ ಹಳೆಯ ಟೈರು ಗೋಡೆಗೆ ಒರಗಿ ನಿಂತಿತ್ತು. ಅದರ ಗೆರೆಗಳನ್ನು ಮುಟ್ಟಿ ನೋಡಿದೆ ಅಪ್ಪಾ. ಉಗುರು ಇಳಿಯುವಷ್ಟು ಆಳ ಇನ್ನೂ ಇತ್ತು. ಸವೆಯದೇ ಇದ್ದ ಟೈರನ್ನು ಬಿಚ್ಚಿ ಹಾಕಿದ್ದೀಯ. ಆಮೇಲೆ ಎರಡು ದಿನ ಬಿಟ್ಟು ನೀನು ಯಾವುದೋ ಸೇತುವೆಯ ಫೋಟೋ ಕಳಿಸಿದೆ. ಸೇತುವೆ ಚೆನ್ನಾಗಿತ್ತು. ಅದರ ಮುಂದೆ ನಿಂತಿದ್ದ ಬೈಕಿನ ಹಿಂಭಾಗದಲ್ಲಿ ಚಪ್ಪಟೆ ಮೈಯ ಕಾರ್ ಟೈರು ಚಕ್ರದ ಜಾಗವನ್ನೆಲ್ಲ ತುಂಬಿ ಕೂತಿತ್ತು.

ಬೈಕಿಗೆ ಕಾರಿನ ಟೈರು ಹಾಕಿಕೊಡುವುದಿಲ್ಲ ಎಂದು ಈ ಅಂಗಡಿಯ ಬಾಗಿಲಲ್ಲಿ ಬೋರ್ಡು ಬರೆದವನು ನೀನೇ ತಾನೆ? ಕೆಂಪು ಬಣ್ಣದಲ್ಲಿ, ಒಂದೊಂದು ಅಕ್ಷರ ಅಂಗೈಯಷ್ಟು ದೊಡ್ಡದು. ಕೊರಿಯರ್ ಹಂಚುವವರೊಬ್ಬರು ಅಂಥದ್ದೊಂದು ಟೈರು ಹೆಗಲಿಗೆ ಹಾಕಿಕೊಂಡು ಬಂದಾಗ ನೀನು ಅವರ ಕಿವಿ ಹಿಂಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ಕಾರು ಕೂತು ತಿರುಗುತ್ತೆ, ಬೈಕು ವಾಲಿ ತಿರುಗುತ್ತೆ. ಅಷ್ಟು ಗೊತ್ತಿಲ್ಲದಿದ್ದರೆ ಬಸ್ಸಿನಲ್ಲಿ ಓಡಾಡಿ" ಎಂದಿದ್ದೆ. ಅವರು ಹೋದ ಮೇಲೆ ಅಮ್ಮ ನಿನ್ನನ್ನು ಬೈದಿದ್ದಳು, ಬಂದವರ ಹತ್ತಿರ ಹಾಗೆ ಮಾತಾಡ್ತಾರಾ ಎಂದು. ನಿನ್ನ ಪಾಠವನ್ನೇ ಈಗ ನಿನಗೆ ಒಪ್ಪಿಸುತ್ತೇನೆ, ಕೇಳಿಸಿಕೋ. ಬೈಕಿನ ಟೈರಿನ ಮೈ ದುಂಡಗಿರುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಹೊರಳಿಕೊಂಡು ನೆಲ ಹಿಡಿಯುತ್ತದೆ. ಕಾರಿನದನ್ನು ವಾಲಿಸಿದರೆ ಅದು ಬೈಕನ್ನು ಎತ್ತಿ ನೆಟ್ಟಗೆ ನಿಲ್ಲಿಸಲು ನೋಡುತ್ತದೆ, ತಿರುವು ಮುಗಿಯುವ ತನಕ ನೀನು ಹ್ಯಾಂಡಲ್ ಜೊತೆ ಕುಸ್ತಿಗೆ ಬೀಳಬೇಕು. ರಸ್ತೆಯ ಅಂಚು ಇಳಿಜಾರಾಗಿದ್ದರೆ ಅದು ಅತ್ತಲೇ ಎಳೆಯುತ್ತದೆ. ಕಾರ್ ಟೈರಿನ ಅಂಚನ್ನು ಬೈಕಿನ ರಿಮ್ಮಿಗೆಂದು ಮಾಡಿರುವುದಿಲ್ಲ, ಕೂರಿಸಬೇಕಾದರೆ ಮಿತಿ ಮೀರಿ ಗಾಳಿ ಒತ್ತಬೇಕು, ಒತ್ತುವಾಗ ಒಡೆದರೆ ಎದುರಿಗೆ ಕೂತವನ ಮುಖ ಉಳಿಯುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ, ಒಬ್ಬನೇ, ಈ ವಯಸ್ಸಿನಲ್ಲಿ ನೀನು ಈ ಕೆಲಸ ಮಾಡಿದ್ದೀಯ. ದೂರ ಸುತ್ತುವವರಲ್ಲಿ ಎಷ್ಟೋ ಜನ ಹಾಕಿಸಿಕೊಂಡಿದ್ದಾರೆ, ಯಾರಿಗೂ ಏನೂ ಆಗಿಲ್ಲ ಎನ್ನುತ್ತೀಯ. ಇರಬಹುದು. ಅವರು ಯಾರೂ ನನ್ನ ಅಪ್ಪ ಅಲ್ಲ.

ಆದರೂ ಹಾಕಿದ್ದಾಗಿದೆ, ಆದ್ದರಿಂದ ಇಷ್ಟು ಮಾಡು. ಟೈರಿನ ಪಕ್ಕದಲ್ಲಿ ರಿಮ್ಮಿನ ಸುತ್ತ ಒಂದು ತೆಳು ಗೆರೆ ಓಡುತ್ತದಲ್ಲ, ಅದು ರಿಮ್ಮಿನಿಂದ ಎಲ್ಲ ಕಡೆಯೂ ಒಂದೇ ದೂರದಲ್ಲಿದೆಯೇ ಎಂದು ಹಗಲು ಬೆಳಕಿನಲ್ಲಿ ನೋಡು. ಕನ್ನಡಕ ಹಾಕಿಕೊಂಡು ನೋಡು. ಎಲ್ಲಾದರೂ ಗೆರೆ ಒಳಗೆ ಹೋಗಿದ್ದರೆ ಅಲ್ಲಿಂದ ಬೈಕನ್ನು ಕದಲಿಸಬೇಡ. ನಿಲ್ಲಿಸಿದಾಗಲೆಲ್ಲ ಟೈರಿಗೆ ಅಂಗೈ ಒತ್ತಿ ಬಿಸಿ ನೋಡು. ಬೆಟ್ಟದ ರಸ್ತೆ ಹತ್ತುವ ಯೋಚನೆ ಇದ್ದರೆ ಈಗಲೇ ಕೈಬಿಡು. ಹಾರ್ನ್ ಮಾವನಿಗೂ ಹೇಳಿದ್ದೇನೆ, ನೀನು ಬೀಗದ ಕೈ ಕೇಳಿದರೆ ಹುಡುಕಿಕೊಡಲು ಅವರಿಗೆ ಒಂದು ಗಂಟೆ ಬೇಕಾಗುತ್ತದೆ.

ನಿಜ ಹೇಳಬೇಕೆಂದರೆ ಸುರಕ್ಷತೆಯ ಮಾತು ಅರ್ಧ. ನನ್ನನ್ನು ಕೊರೆಯುತ್ತಿರುವುದು ಬೇರೆ. ಬೈಕಿನ ಟೈರು ಹನ್ನೆರಡು ಸಾವಿರ ಕಿಲೋಮೀಟರಿಗೆ ಸವೆಯುತ್ತದೆ. ಬೇರೆಯವರ ಕೈಗೆ ನೀನು ನಿನ್ನ ಚಕ್ರ ಕೊಡುವವನಲ್ಲ, ಆದ್ದರಿಂದ ಊರೂರು ಸುತ್ತುತ್ತಾ ಎಲ್ಲಿದ್ದರೂ ಟೈರು ಸವೆದ ಹೊತ್ತಿಗೆ ಮನೆಗೆ ಬರಬೇಕಿತ್ತು. ಅಮ್ಮನ ಮಂಡಿ ಸೋತು ಅವಳು ನಿನ್ನ ಹಿಂದೆ ಕೂರುವುದನ್ನು ಬಿಟ್ಟ ಮೇಲೆ ಈ ಮನೆಯ ಲೆಕ್ಕ ನಡೆದದ್ದೇ ಹಾಗೆ. ಕ್ಯಾಲೆಂಡರ್ ನೋಡದೆ ಅವಳು "ಟೈರು ಸವೆದಿರುತ್ತೆ, ಈ ವಾರ ಬರ್ತಾರೆ" ಎನ್ನುತ್ತಿದ್ದಳು, ನೀನು ಬರುತ್ತಿದ್ದೆ. ಹಾದಿಯ ಧೂಳು ಹೊತ್ತು ತಂದು ಬಾತ್‌ರೂಮಿನ ಬಕೆಟ್ಟಿಗೆಲ್ಲ ಮೆತ್ತಿ, ಮೂರು ದಿನ ಅವಳ ತಲೆ ತಿಂದು, ಹೊಸ ಟೈರು ಹಾಕಿಸಿಕೊಂಡು ಹೋಗುತ್ತಿದ್ದೆ. ಕಾರಿನ ಟೈರು ನಲವತ್ತು ಸಾವಿರ ಓಡುತ್ತದೆ. ನಲವತ್ತು ಸಾವಿರ ಓಡುವ ಟೈರು ಹಾಕಿಕೊಂಡು ಹೊರಟವನು ಬೇಗ ಬರುವ ಯೋಚನೆ ಇಟ್ಟುಕೊಂಡಿಲ್ಲ ಎಂದು ತಿಳಿಯಲು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಯಾಕೆ ಹೋದೆ ಎಂದೂ ಗೊತ್ತು. ನೀನು ಹೊರಡುವ ಹಿಂದಿನ ದಿನ, ಗುರುವಾರ ಬೆಳಗ್ಗೆ, ನಾನು ಜೀಪಿನ ಕೆಳಗೆ ಮಲಗಿದ್ದೆ, ನಿಮ್ಮಿಬ್ಬರ ಕಾಲು ಮಾತ್ರ ಕಾಣುತ್ತಿತ್ತು. ನೀನು ಬೆಂಚಿನ ಮೇಲೆ ಕೂತಿದ್ದೆ. ಅಮ್ಮ ಚಹಾ ಲೋಟ ತೆಗೆದುಕೊಳ್ಳಲು ಬಂದಳು. ಬಂದು, ಬಹಳ ಮರ್ಯಾದೆಯಿಂದ, "ನಿಮ್ಮ ಟೈರು ಹಾಕಿ ಆಯ್ತಲ್ಲ, ಇನ್ನೂ ಯಾಕೆ ಕೂತಿದ್ದೀರಿ? ನಮ್ಮನೆಯವರು ಬರೋ ಹೊತ್ತಾಯ್ತು" ಎಂದಳು. ನೀನು ಮೊದಲು ನಕ್ಕೆ. ಅವಳು ನಗಲಿಲ್ಲ. ಆಮೇಲೆ ನಿನ್ನ ಬೂಟುಗಳು ಎದ್ದು ನಿಂತವು, ಬಾಗಿಲಿನ ತನಕ ಹೋದವು, ಅಲ್ಲೇ ನಿಂತವು. ಆ ದಿನವೆಲ್ಲ ನೀನು ಒರೆಸಿದ ಸ್ಪ್ಯಾನರನ್ನೇ ಒರೆಸುತ್ತಿದ್ದೆ. ಅಷ್ಟು ವರ್ಷ ಜೊತೆಗಿದ್ದ ಹೆಂಡತಿ ಎದ್ದು ಹೋಗಿ ಎಂದರೆ ಹೇಗಾಗುತ್ತದೆ ಎಂದು ನಾನು ತಿಳಿದವಳ ಹಾಗೆ ಮಾತಾಡುವುದಿಲ್ಲ. ನನ್ನನ್ನು ಅವಳು ಇನ್ನೂ ಮಗಳೇ ಎನ್ನುತ್ತಾಳೆ. ಆ ಒಂದು ಮಾತು ಇರುವ ತನಕ ನನ್ನ ಕಷ್ಟ ನಿನ್ನದಕ್ಕಿಂತ ಕಡಿಮೆಯೇ. ಆದರೆ ನನಗೆ ಕೋಪ ಬಂದಿದೆ ಅಪ್ಪಾ, ಅದನ್ನು ಮುಚ್ಚಿಡುವುದಿಲ್ಲ. ಅವಳು ಮರೆತದ್ದು ಅವಳ ಕೈಯಲ್ಲಿರಲಿಲ್ಲ. ನೀನು ಹೋದದ್ದು ನಿನ್ನ ಕೈಯಲ್ಲಿತ್ತು.

ಡಾಕ್ಟರು ಸ್ಕ್ಯಾನಿಂಗ್ ನೋಡಿ ಹೇಳಿದ್ದನ್ನು ನಿನಗೆ ಫೋನಿನಲ್ಲಿ ಹೇಳಲು ಹೋದೆ, ನೀನು ಇಟ್ಟುಬಿಟ್ಟೆ. ಇಲ್ಲಿ ಬರೆಯುತ್ತೇನೆ. ಈಗ ಅವಳ ತಲೆಯಲ್ಲಿ ಉಳಿದಿರುವ ನೆನಪೆಲ್ಲ ಬಹಳ ಕಾಲ ಇರುವುದಿಲ್ಲವಂತೆ. ಎಷ್ಟು ಕಾಲ ಎಂದು ಕೇಳಿದೆ. ಮಳೆ ಯಾವಾಗ ನಿಲ್ಲುತ್ತೆ ಅಂತ ಕೇಳಿದ ಹಾಗಾಯ್ತಮ್ಮ ಎಂದರು. ಹೊಸದು ಮೊದಲು ಹೋಗುತ್ತದೆ, ಹಳೆಯದು ಆಮೇಲೆ. ಇವತ್ತಿನ ನಿನ್ನ ಬಿಳಿ ಗಡ್ಡದ ಮುಖ ಅವಳಿಗೆ ಗೊತ್ತಿಲ್ಲ. ಆದರೆ ನೀನು ಗೊತ್ತು. ದಿನಾ ಬೆಳಗ್ಗೆ ತಲೆ ಬಾಚಿಕೊಂಡು ಅಂಗಡಿಗೆ ಬಂದು, "ನಮ್ಮನೆಯವರ ಹಿಂದಿನ ಟೈರು ಸವೆದಿಲ್ವಾ ಇನ್ನೂ?" ಎಂದು ಕೇಳುತ್ತಾಳೆ. ಸವೆಯುತ್ತಾ ಬಂದಿದೆಯಂತೆ ಅಮ್ಮಾ ಎನ್ನುತ್ತೇನೆ. ಸಮಾಧಾನವಾಗಿ ಹೋಗಿ ಕೂರುತ್ತಾಳೆ. ಮಧ್ಯಾಹ್ನ ಮತ್ತೆ ಕೇಳುತ್ತಾಳೆ, ಮತ್ತೆ ಅದೇ ಸುಳ್ಳು. ಒಂದು ದಿನ ಅವಳು ಕೇಳುವುದನ್ನೇ ನಿಲ್ಲಿಸಿದರೆ ಏನು ಮಾಡಲಿ ಎಂದು ನನಗೆ ಭಯವಾಗುತ್ತದೆ. ನೀನು ಆಮೇಲೆ ಬಂದರೆ ಯಾರ ಮನೆಗೆ ಬಂದ ಹಾಗಾಗುತ್ತದೆ?

ನಿನ್ನ ಅಳತೆಯ ಬೈಕ್ ಟೈರು ತರಿಸಿಟ್ಟಿದ್ದೇನೆ. ಹಾರ್ನ್ ಮಾವ ಅದನ್ನು ಲಾರಿಗೆ ಹಾಕಿ ಕಳಿಸು, ಇಲ್ಲೇ ಯಾರ ಕೈಲಾದರೂ ಹಾಕಿಸ್ತೀನಿ ಎಂದರು. ಕಳಿಸುವುದಿಲ್ಲ. ಕಿಟಕಿಯ ಪಕ್ಕದ ಕೊಕ್ಕೆಗೆ ನೇತುಹಾಕಿದ್ದೇನೆ, ಬೇಕಾದವರು ಬಂದು ಹಾಕಿಸಿಕೊಳ್ಳಲಿ. ಬರುವಾಗ ತಿರುವುಗಳಿಲ್ಲದ ರಸ್ತೆಯಲ್ಲೇ ಬಾ, ದೂರವಾದರೂ ಪರವಾಗಿಲ್ಲ, ನಿಧಾನವಾಗಿ ಬಾ. ಬಂದರೆ ಅಮ್ಮ ಗುರುತು ಹಿಡಿಯುತ್ತಾಳೆ ಎಂದು ನಾನು ಮಾತು ಕೊಡುವುದಿಲ್ಲ. ಹಿಡಿಯದೇ ಇರಬಹುದು. ಅದನ್ನು ನೀನು ಹೇಗೆ ಹೊಟ್ಟೆಗೆ ಹಾಕಿಕೊಳ್ಳುತ್ತೀಯೋ ನನಗೆ ತಿಳಿಯದು, ಅದಕ್ಕೇ ಇಷ್ಟು ದಿನ ಬಾ ಎಂದು ಬಾಯಿಬಿಟ್ಟು ಕರೆಯಲಿಲ್ಲ.

ಹಾರ್ನ್ ಮಾವನಿಗೆ ನನ್ನ ನಮಸ್ಕಾರ ತಿಳಿಸು, ಅವರ ಮನೆಯ ಅಡುಗೆಯಲ್ಲಿ ಉಪ್ಪು ಕಡಿಮೆ ಹಾಕಿಸಿಕೊಂಡು ತಿನ್ನು. ನಿನ್ನ ಅಳಿಯ ಬಸ್ಸಿನ ಡ್ಯೂಟಿಗೆ ಹೊರಟಿದ್ದಾರೆ, ಮಾವನಿಗೆ ನಮಸ್ಕಾರ ಬರಿ ಎಂದು ಬಾಗಿಲಿಂದಲೇ ಕೂಗಿದರು. ಈ ಪತ್ರ, ಮಾತ್ರೆ ಎರಡನ್ನೂ ಆ ಕಡೆ ಹೋಗುವ ಡ್ರೈವರ್ ಕೈಲಿ ಕೊಡುತ್ತಾರೆ. ನಿನ್ನ ಕಾಲಿಗೆ ಬಿದ್ದೆ ಎಂದು ತಿಳಿದುಕೋ, ಕೋಪ ಇಳಿದ ಮೇಲೆ ನಿಜವಾಗಿಯೇ ಬೀಳುತ್ತೇನೆ.

ನಿನ್ನ ಜಗಳಗಂಟಿ ಮಗಳು

ಇನ್ನೊಂದು ಮಾತು. ಲಕೋಟೆ ಅಂಟಿಸುವಷ್ಟರಲ್ಲಿ ಒಬ್ಬರು ಬೈಕಿನವರು ಬಂದರು, ನಿನ್ನ ವಯಸ್ಸಿನವರೇ, ದೂರದಿಂದ ಬಂದಿದ್ದರು. ಅವರಿಗೆ ಟೈರು ಹಾಕಿ ಕೊಟ್ಟು ಈಗ ತಾನೇ ಕೈ ತೊಳೆದುಕೊಂಡು ಬಂದೆ, ನಿನ್ನ ಅಳಿಯ ಬಸ್ಸಿಗೆ ಹೊತ್ತಾಯ್ತು ಎಂದು ಅವಸರ ಮಾಡುತ್ತಿದ್ದಾರೆ, ಅದಕ್ಕೇ ಅಕ್ಷರ ಸೊಟ್ಟ. ಅಮ್ಮ ಆ ಬೈಕಿನವರಿಗೆ ಚಹಾ ಕೊಟ್ಟು ಪಕ್ಕದಲ್ಲಿ ಕೂತು ನಿನ್ನ ಕಥೆ ಹೇಳುತ್ತಿದ್ದಳು. "ಮೊದಮೊದಲು ತಿರುವಿನಲ್ಲಿ ನಾನು ಹೆದರಿ ನೆಟ್ಟಗೆ ಕೂತುಬಿಡ್ತಿದ್ದೆ. ನಮ್ಮನೆಯವರು ಬೈಕು ನಿಲ್ಲಿಸಿ, ನಾನು ಎತ್ತ ವಾಲ್ತೀನೋ ನೀನೂ ಅತ್ತ ವಾಲು, ಬೀಳಲ್ಲ ಅಂದ್ರು. ಆವತ್ತಿಂದ ನನಗೆ ಭಯ ಹೋಯ್ತು" ಎಂದಳು. ಇದು ನಿನಗೆ ನೆನಪಿದೆಯಾ? ನನಗೆ ಗೊತ್ತೇ ಇರಲಿಲ್ಲ. ಬೆಂಚಿನ ಮೇಲೆ ಕಾಯುವವರಿಗೆಲ್ಲ ದಿನಾ ಹೇಳುತ್ತಾಳೆ ಅಪ್ಪಾ, ದಿನಕ್ಕೊಂದು ಹೊಸದು ಬರುತ್ತದೆ. ಇದನ್ನೆಲ್ಲ ಕೇಳದೆ ಇರುವವನು ನೀನೊಬ್ಬನೇ. ಟೈರು ಹಾಕಿ ಆದ ಮೇಲೇ ಅವಳು ಎಬ್ಬಿಸುವುದು, ಅಲ್ಲಿಯವರೆಗೆ ಎಷ್ಟು ಹೊತ್ತಾದರೂ ಜೊತೆಗೆ ಕೂರುತ್ತಾಳೆ. ಅವಳ ಮನೆಯವನಾಗಿ ಬರಲು ಕಷ್ಟವಾದರೆ ಗಿರಾಕಿಯಾಗಿ ಬಂದು ಆ ಬೆಂಚಿನ ಮೇಲೆ ಕೂರು. ನಿನ್ನ ಟೈರನ್ನು ನಾನು ಆದಷ್ಟು ನಿಧಾನವಾಗಿ ಹಾಕುತ್ತೇನೆ.