ಬೀಸೋಕಲ್ಲಿನ ಗುರುತು

ಚಿಕ್ಕಕೆರೆಪಾಳ್ಯ, ಯಲಹಂಕ
14-10-1957

ಪ್ರೀತಿಯ ತಮ್ಮ ಚೌರಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಕೆಮ್ಮು ಈಗ ಹೇಗಿದೆ? ಗಣಿಯೊಳಗೆ ಮರದ ಆಸರೆ ಹಾಕುವವನಿಗೆ ದೂಳು ಕುಡಿಯುವುದು ತಪ್ಪದು, ಸರಿ. ಮೇಲೆ ಬಂದಮೇಲಾದರೂ ಬೀಡಿ ಮುಟ್ಟದೆ ಇರಬಹುದಲ್ಲ. ಸವೇರಮ್ಮ ಕಷಾಯ ಕಾಸಿಕೊಟ್ಟರೆ ಮುಖ ತಿರುಗಿಸುತ್ತೀಯ ಎಂದು ನನಗೆ ಗೊತ್ತು, ಚಿಕ್ಕಂದಿನಿಂದ ನೋಡಿಲ್ಲವೇ. ನನ್ನ ಮಂಡಿನೋವು ಹಾಗೇ ಇದೆ. ಅವ್ವನನ್ನು ಮಣ್ಣು ಮಾಡಿದ ಮಾರನೆಯ ದಿನ ಬಂದು, "ಅಪ್ಪನ ಪಕ್ಕ ಮಲಗ್ಸೋದ್ ಬಿಟ್ಟು ಬೇಲಿ ಮಗ್ಗುಲಿಗೆ ಹಾಕ್ಬಿಟ್ಯಲ್ಲ" ಎಂದು ಕೂಗಾಡಿ ಹೋದವನು ನಾಲ್ಕು ವರ್ಷದಿಂದ ಊರಿನ ಕಡೆ ತಲೆ ಹಾಕಿಲ್ಲ. ನಾನೂ ಬರೆಯಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ನನಗೆ ಮಾತ್ರ ಸಿಟ್ಟು ಕಡಿಮೆ ಇರುತ್ತದೆಯೇ. ಆದರೆ ಈಗ ನಡೆದಿರುವುದನ್ನು ಹೇಳದೆ ಇರಲು ನನ್ನಿಂದಾಗದು.

ಈ ವರ್ಷ ಮಳೆ ಜೋರು. ಸ್ಮಶಾನದ ದಿಬ್ಬಗಳೆಲ್ಲ ಕರಗಿ ನೆಲಕ್ಕೆ ಕೂತಿವೆ. ನಮ್ಮವರಲ್ಲಿ ಕಲ್ಲು ಕೆತ್ತಿಸಿದವರು ಯಾರಿದ್ದಾರೆ? ಮರದ ಶಿಲುಬೆ ನಾಲ್ಕು ಮಳೆಗಾಲಕ್ಕೆ ಗೆದ್ದಲಿನ ಪಾಲು. ಸತ್ತವರ ಹಬ್ಬಕ್ಕೆ ಮುಂಚೆ ಕೆಮ್ಮಣ್ಣು ಮೆತ್ತಿ, ಸಗಣಿ ಸಾರಿಸಿ, ಸುಣ್ಣ ಬಳಿಯುವಾಗ ಅವರವರ ಮನೆಯವರ ನೆನಪೇ ಗುರುತು. ಹೊಸ ಫಾದರ್‌ಗೆ ಇದು ಸರಿಬರಲಿಲ್ಲ. ಯಾರು ಎಲ್ಲಿದ್ದಾರೆಂದು ನಕ್ಷೆ ಬರೆಸಬೇಕು, ಸುತ್ತ ಗೋಡೆ ಎತ್ತಬೇಕು ಎಂದರು. ಜಾಗದ ಎಲ್ಲೆ ತೋರಿಸಲು ಪಕ್ಕದ ರಾಗಿ ಹೊಲದ ದೊಡ್ಡಮುನಿಯಪ್ಪನನ್ನು ಕರೆಸಿದರು. ಆ ಅರ್ಧ ಎಕರೆ ಅವನ ತಾತ ನಮ್ಮ ಹಿರಿಯರಿಗೆ ಬಿಟ್ಟುಕೊಟ್ಟದ್ದು ನಿನಗೆ ಗೊತ್ತೇ ಇದೆ. ಊರಿನ ಹೆಂಗಸರೆಲ್ಲ ಕುಡುಗೋಲು ಹಿಡಿದು ಹೋದೆವು. ಬೇಲಿ ಪಕ್ಕದ ಲಂಟಾನ ಪೊದೆಯನ್ನು ಬುಡದಿಂದ ಕಡಿದದ್ದು ಆಗಲೇ.

ಅವ್ವನ ದಿಬ್ಬದಿಂದ ಎರಡು ಮೊಳ ಈಚೆಗೆ ನನ್ನ ಕುಡುಗೋಲು ಠಣ್ ಎಂದಿತು. ಮಣ್ಣು ಕೆದಕಿದರೆ ಒಂದು ಬೀಸೋಕಲ್ಲು, ನಡುವೆ ತೂತಿರುವ ಮೇಲ್ಗಲ್ಲು. ದೊಡ್ಡಮುನಿಯಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. "ಇದು ನಿಮ್ಮವ್ವನ ಕಲ್ಲು ಕಣಮ್ಮಾ. ಜ್ವರದ ವರ್ಸ ನಿಮ್ಮಪ್ಪಂಗೆ ಗುಂಡಿ ತೋಡಿದ್ದು ನಾನೇಯ. ಇಂಗೆ ಬಿಟ್ರೆ ನರಿ ಕೆದಕ್ತದೆ ಅಂತ ನಿಮ್ಮ ಜಗುಲಿ ಮ್ಯಾಲಿಂದ ಇದನ್ನ ವೊತ್ಕಂಡ್ ಬಂದು ಇಟ್ಟು, ಆ ತೂತಲ್ಲಿ ಸಿಲುಬೆ ನಿಲ್ಸಿದ್ದೆ" ಎಂದ. ಆಗ ಅವ್ವ ಜ್ವರದಲ್ಲಿ ಮೈಮೇಲೆ ಪ್ರಜ್ಞೆ ಇಲ್ಲದೆ ಮಲಗಿದ್ದಳು, ನನಗೆ ಒಂಬತ್ತು, ನಿನಗೆ ಮೂರು ವರ್ಷ. ನಮ್ಮ ಮನೆಯವರು ಯಾರೂ ಮಣ್ಣಿಗೆ ಹೋಗಿರಲಿಲ್ಲ. ಒಂದೇ ವಾರದಲ್ಲಿ ಎಷ್ಟೋ ಜನ ಹೋಗಿದ್ದರು. ಎದ್ದು ಓಡಾಡುವಂತಾದ ಮೇಲೆ ಯಾರೋ ತೋರಿಸಿದ ದಿಬ್ಬವನ್ನೇ ಅವ್ವ ಅಪ್ಪನದೆಂದು ನಂಬಿದಳು.

ಮೂವತ್ತೊಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆಯೇನಯ್ಯ ಎಂದು ನಾನು ರೇಗಿದೆ. ಅದಕ್ಕೆ ಅವನು, "ನನ್ ಕಲ್ಲು ಕದ್ದೋನ್ ಕೈ ಸೇದ್ಹೋಗ ಅಂತ ನಿಮ್ಮವ್ವ ದಿನಾ ಬೀದೀಲಿ ನಿಂತು ಬಯ್ಯೋಳು. ಎಂಗಮ್ಮಾ ವೊಪ್ಕಳ್ಳಿ? ನೀವೆಲ್ಲಾ ಬ್ಯಾರೆ ಕಡೆ ಸುಣ್ಣ ಬಳ್ಯಾಕ್ ಸುರು ಮಾಡಿದ್ ಮ್ಯಾಲಂತೂ ಬಾಯೇ ಬರ್ಲಿಲ್ಲ. ನಿಮ್ಮವ್ವನ್ನ ಇಲ್ಲೇ ಮಣ್ ಮಾಡ್ದಾಗ, ಸದ್ಯ, ಇವ್ರಿಗೆ ಎಂಗೋ ಗೊತ್ತಾಗೈತೆ ಅಂದ್ಕಂಡೆ" ಎಂದ. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು, ಎಲ್ಲರೆದುರಿಗೇ ಅತ್ತುಬಿಟ್ಟೆ. ಕಲ್ಲಿನ ಅಗಲವನ್ನು ಸೆರಗಿನಲ್ಲಿ ಅಳೆದುಕೊಂಡು ಮನೆಗೆ ಬಂದು, ಮೇಲ್ಗಲ್ಲು ಹೋದಮೇಲೆ ಒಂಟಿಯಾಗಿ ಉಳಿದ, ನಾನು ಬಟ್ಟೆ ಒಗೆಯುವ ಆ ಅಡಿಗಲ್ಲಿಗೆ ಹಿಡಿದು ನೋಡಿದೆ. ಒಂದು ನೂಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಅವ್ವ ಅಪ್ಪನ ಪಕ್ಕದಲ್ಲೇ ಇದ್ದಾಳೆ ಕಣೋ.

ಇಷ್ಟು ವರ್ಷ ನಾವು ಸುಣ್ಣ ಬಳಿದ ದಿಬ್ಬ ಯಾರದೆಂದು ಅವನಿಗೂ ಗೊತ್ತಿಲ್ಲ. ಯಾರಾದರೇನು, ಇಷ್ಟು ವರ್ಷ ನಮ್ಮ ಮೇಣದಬತ್ತಿ ಉರಿದಿದೆ, ಈಗ ಕೈಬಿಡಲಾಗುತ್ತದೆಯೇ. ನಕ್ಷೆಯಲ್ಲಿ ಅದಕ್ಕೆ ಹೆಸರಿನ ಬದಲು "ಜ್ಞಾನಮ್ಮನ ಮನೆಯವರು ನೋಡಿಕೊಳ್ಳುವುದು" ಎಂದು ಫಾದರ್ ಕೈಯಲ್ಲಿ ಬರೆಸಿದ್ದೇನೆ. ಗೋಡೆಯ ಕೆಲಸ ಹಬ್ಬ ಕಳೆದ ಮೇಲೆ ಶುರು. ದೊಡ್ಡಮುನಿಯಪ್ಪ ಎರಡು ಗಾಡಿ ಕಲ್ಲು ತಾನೇ ಹೊಡೆಸುತ್ತಾನಂತೆ, ಬಯ್ಗುಳದ ಹೆದರಿಕೆ ಇನ್ನೂ ಹೋದಂತಿಲ್ಲ.

ಸವೇರಮ್ಮನಿಗೂ ಮಕ್ಕಳಿಗೂ ದೇವಮಾತೆಯ ಕೃಪೆ ಇರಲಿ. ಮೈ ಜೋಪಾನ.

ನಿನ್ನ ಅಕ್ಕ,
ಜ್ಞಾನಮ್ಮ

ಮರೆತಿದ್ದೆ, ಅಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಅಪ್ಪನದೆಂದುಕೊಂಡಿದ್ದ ದಿಬ್ಬದ ಪಕ್ಕ ಜಾಗವಿಲ್ಲ ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಜಾಗವಿತ್ತು. ಮಳೆ ಹೊಯ್ಯುತ್ತಿತ್ತು, ಅಲ್ಲಿ ನೆಲ ಗಟ್ಟಿ, ಇನ್ನೊಂದು ಗಳಿಗೆ ಕಾದಿದ್ದರೆ ಅಗೆಯುತ್ತಿದ್ದರು. ನೀನು ಬಂದು ತಲುಪಲಿಲ್ಲವೆಂಬ ಕೋಪಕ್ಕೆ, ಎಲ್ಲಾದರೂ ತೋಡಿ ಎಂದುಬಿಟ್ಟೆ. ತಪ್ಪು ನನ್ನದು. ಅಪ್ಪನ ಶಿಲುಬೆಯನ್ನು ಇಲ್ಲಿನ ಬಡಗಿಗೆ ಹೇಳಿಲ್ಲ, ಅದು ನಿನ್ನ ಕೈಯಲ್ಲೇ ಆಗಬೇಕು. ಹಬ್ಬದ ಹಿಂದಿನ ದಿನ, ನವೆಂಬರ್ ಒಂದಕ್ಕೆ, ಬೌರಿಂಗ್‌ಪೇಟೆಯಲ್ಲಿ ಚಿಕ್ಕ ರೈಲು ಹತ್ತು, ಯಲಹಂಕ ಸ್ಟೇಷನ್ನಿನಲ್ಲಿ ನಾನಿರುತ್ತೇನೆ. ಕಲ್ಲಿನ ತೂತನ್ನು ಅಳೆದ ದಾರವನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ಬಿಚ್ಚುವಾಗ ಕಳೆದುಬಿಡಬೇಡ.