ಮಾವನ ಕೂಗು ಕಲಿತ ಗಿಳಿ

ಯಮನೂರು, ತಾ. ನವಲಗುಂದ
೧೯-೧೧-೨೦೨೪, ಮಂಗಳವಾರ

ಪ್ರೀತಿಯ ಯಜಮಾನರಿಗೆ ಅನ್ನಪೂರ್ಣಾಳ ನಮಸ್ಕಾರಗಳು.

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಅಳ್ನಾವರದ ಕಡೆ ಇಬ್ಬನಿ ಜಾಸ್ತಿಯಂತೆ, ಕುರಿಗಳ ಬಾಜು ಮಲಗುವಾಗ ಎರಡು ಕಂಬಳಿ ಹೊದ್ದುಕೊಳ್ಳಿ. ಒಂದನ್ನು ಕುರಿಗೆ ಹೊದಿಸಿ ತಾವು ನಡುಗುವವರು, ನನಗೆ ಗೊತ್ತಿಲ್ಲವೇ? ಇಲ್ಲಿ ನಾನು, ಅತ್ತೆ ಆರಾಮ ಇದ್ದೇವೆ. ಕಡಲೆ ಹೂವಿಗೆ ಬಂದಿದೆ. ಫೋನ್ ಇದ್ದೂ ಇವಳಿಗೇನು ಬರೆಯುವ ಹುಚ್ಚು ಎಂದು ನಗಬೇಡಿ. ಮನೆಯಲ್ಲಿ ಬಾಯಿ ಬಿಟ್ಟು ಆಡಿದ್ದನ್ನೆಲ್ಲ ಗಿಳಿ ಕಲಿತು ಅತ್ತೆಯ ಮುಂದೆ ಒಪ್ಪಿಸುತ್ತದೆ. ಇದು ಅವರ ಕಿವಿಗೆ ಬೀಳಬಾರದ ಮಾತು. ಮಡಿವಾಳೆಪ್ಪ ಕಾಕಾ ನಾಳೆ ಹುಲ್ಲು ತರಲು ನಿಮ್ಮ ಕಡೆ ಟೆಂಪೋ ಒಯ್ಯುತ್ತಾರೆ, ಅವರ ಕೈಯಲ್ಲಿ ಕೊಡುತ್ತೇನೆ.

ಮಾತು ಗಿಳಿಯದೇ. ಅದರ ರೆಕ್ಕೆ ಕತ್ತರಿಸಬೇಕೋ ಬೇಡವೋ ನೀವೇ ಹೇಳಿ. ತನ್ನ ಕುರುಬನ ಕೂಗಿಗಲ್ಲದೆ ಕುರಿ ತಲೆ ಎತ್ತುವುದಿಲ್ಲ ಎಂದು ಜಂಬ ಕೊಚ್ಚುತ್ತೀರಲ್ಲ, ಅಲ್ಲೇ ನೀವು ಎಡವಿದ್ದು. ಮಾವ ತೀರಿಕೊಂಡ ಮೇಲೆ ನಿಮ್ಮದೇ ಕೂಗು ಹಿಡಿಯಬೇಕಿತ್ತು. ಅಪ್ಪನದು ಅಳಿಯಬಾರದೆಂದು, ಮನೆಯಲ್ಲಿ ಬಿಟ್ಟುಹೋದ ಈ ವರ್ಷದ ಮರಿಗಳಿಗೂ ಅದನ್ನೇ ರೂಢಿ ಮಾಡಿದಿರಿ. ಮಾವ ಸಾಕಿದ ಗಿಳಿಗೆ ಬರುವುದೂ ಅದೇ ಕೂಗು, ಕೊನೆಗೆ ಉಸಿರು ಎಳೆದುಕೊಳ್ಳುವುದೂ ಸೇರಿ ಥೇಟ್ ಅವರದೇ.

ಅತ್ತೆ ಪಂಜರದ ಬಾಗಿಲು ಹಾಕಗೊಡುವುದಿಲ್ಲ. ಹೋದ ವಾರ ಹೊತ್ತು ಮುಳುಗುವಾಗ ಗಿಳಿ ಈರಬಸಪ್ಪನವರ ಹೊಲದ ಕೃಷಿ ಹೊಂಡದ ಆಚೆ ದಂಡೆಗೆ ಹೋಗಿ ಕುಳಿತು ಕೂಗಿತು. ಮರಿಗಳು ಮುಳ್ಳಿನ ಬೇಲಿ ಮುರಿದು ಓಡಿದವು. ನಾನು ಅಲ್ಲಿಗೆ ಮುಟ್ಟುವುದರೊಳಗೆ ಎರಡು ಮರಿ ನೀರಿನಲ್ಲಿ ತೇಲುತ್ತಿದ್ದವು. ಗಿಳಿ ಇನ್ನೂ ಕೂಗುತ್ತಲೇ ಇತ್ತು. ಕತ್ತಲಾಗುತ್ತಿದ್ದ ಆ ನೀರಿನ ಮೇಲೆ ಸತ್ತವರ ದನಿ ಕೇಳುತ್ತಲೇ ಉಳಿದ ಮರಿಗಳನ್ನು ಹಿಂದಕ್ಕೆ ಅಟ್ಟಿದೆ. ನಿನ್ನೆಯೂ ಹೀಗೇ ಆಯಿತು. ದೇವರು ದೊಡ್ಡವನು, ದಂಡೆಯಲ್ಲೇ ತಡೆದೆ. ರೆಕ್ಕೆ ಕತ್ತರಿಸೋಣ ಎಂದರೆ ಅತ್ತೆ, “ಕತ್ರಿ ತಂದಿ ಅಂದ್ರ ಮದ್ಲ ನನ್ನ ಕುತಗಿಗೆ ಹಚ್ಚು. ಅವ್ರದು ಅಂತ ಉಳದದ್ದು ಅದೊಂದ ದನಿ ನೋಡು” ಎಂದು ಪಂಜರದ ಮುಂದೆ ಕುಳಿತುಬಿಟ್ಟರು. ನನಗೆ ಸಿಟ್ಟೂ ಬಂತು, ಕನಿಕರವೂ ಬಂತು. ಗರಿ ಕತ್ತರಿಸಿದರೆ ಉಗುರು ತೆಗೆದಂತೆ, ನೋಯುವುದಿಲ್ಲ ಎನ್ನುತ್ತಾಳೆ ಪಕ್ಕದ ಮನೆಯ ಜಮಾಲಬಿ. ನೀವು ಹೂಂ ಎಂದರೆ ಉಣ್ಣೆಯ ಕತ್ತರಿ ಮನೆಯಲ್ಲೇ ಇದೆ.

ಹೊತ್ತಿಗೆ ಸರಿಯಾಗಿ ಉಣ್ಣಿ. ಬೀರದೇವರು ನಿಮ್ಮನ್ನೂ ಕುರಿಗಳನ್ನೂ ಕಾಯಲಿ.

ನಿಮ್ಮ
ಅನ್ನಪೂರ್ಣಾ

ತಾ.ಕ.: ನಿಮ್ಮ ಉತ್ತರಕ್ಕೆ ಕಾಯಲಾಗಲಿಲ್ಲ. ಮಧ್ಯಾಹ್ನ ಅತ್ತೆ ದರ್ಗಾಕ್ಕೆ ಹೋದಾಗ ಜಮಾಲಬಿ ಹಿಡಿದುಕೊಂಡಳು, ನಾನು ಎರಡೂ ರೆಕ್ಕೆಯ ಉದ್ದ ಗರಿ ಕತ್ತರಿಸಿದೆ. ಆಗಿನಿಂದ ಅದು ಪಂಜರದಲ್ಲಿ ಬಾಯಿ ಮುಚ್ಚಿ ಕುಳಿತಿದೆ. ಈಗ ದೀಪ ಹಚ್ಚುವಾಗ ಹೊಂಡದ ಕಡೆಯಿಂದ ಮಾವನ ದನಿ ಬಂತು. ಗಿಳಿ ನನ್ನ ಕಣ್ಣ ಮುಂದೆಯೇ ಇತ್ತು, ಕೊಕ್ಕು ಬಿಚ್ಚಿರಲಿಲ್ಲ. ಮರಿಗಳು ಮಲಗಿದಲ್ಲಿಂದ ಏಳಲಿಲ್ಲ. ಅದು ಕುರಿ ಕರೆಯುವ ಕೂಗಾಗಿರಲಿಲ್ಲ. “ಸಾವಂತ್ರೀ” ಎಂದಿತು. ಮಾವ ಒಂದು ದಿನವಾದರೂ ಅತ್ತೆಯ ಹೆಸರು ಹಿಡಿದು ಕರೆದವರೇ? “ಏ ಇಕಿ” ಎನ್ನುವುದರಲ್ಲೇ ಸಂಸಾರ ಮುಗಿಸಿದವರು. ಅತ್ತೆ ತಲೆಯ ಮೇಲೆ ಸೆರಗು ಹೊದ್ದು, “ಬಂದ್ನಿ, ತಡೀರಿ” ಎಂದು ಎದ್ದರು. ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಇದನ್ನು ಬರೆಯುತ್ತಿದ್ದೇನೆ. ಫೋನ್ ಹಚ್ಚಿದೆ, ನಿಮ್ಮದು ಹತ್ತಲಿಲ್ಲ. ಮಡಿವಾಳೆಪ್ಪ ಕಾಕಾನ ಗಾಡಿಯಲ್ಲೇ ಬಂದುಬಿಡಿ. ಅತ್ತೆ ಸಿಟ್ಟಾಗಿಲ್ಲ, ಅಳುತ್ತಲೂ ಇಲ್ಲ. ನನ್ನ ಗಲ್ಲ ಹಿಡಿದು ಮೆತ್ತಗೆ ಕೇಳುತ್ತಿದ್ದಾರೆ: “ಬಾಗಲಾ ಬಿಡವಾ. ಹೆಸರ ಹಿಡದು ಕರ್ಯಾಕತ್ತಾರ, ಇನ್ನ ಹ್ಯಾಂಗ ಕುಂದರ್ಲಿ?”