ಬೇರೆ ಊರಿನ ಮಳೆ

ಪ್ರಯೋಗಾಲಯದ ಹಿಂದಿನ ಕೋಣೆ,
ಸೆಪ್ಟೆಂಬರ್ ೧೭, ಭಾನುವಾರ ಸಂಜೆ

ಪ್ರೀತಿಯ ಅಪ್ಪಾ,

ಎದೆ ಹೇಗಿದೆ? ಇಷ್ಟು ದಿನ ಇದನ್ನು ರೂಢಿಗೆಂದು ಕೇಳುತ್ತಿದ್ದೆ, ನೀನೂ ರೂಢಿಗೆಂದು ‘ಗುಂಡುಕಲ್ಲಿನ ಹಾಗಿದ್ದೇನೆ’ ಎಂದು ಬರೆಯುತ್ತಿದ್ದೆ. ಈ ಸಲ ನಿಜವಾಗಿ ಕೇಳುತ್ತಿದ್ದೇನೆ. ಕೆಮ್ಮು ಇಳಿದಿದೆಯಾ? ಮಲಗಿದರೆ ಉಬ್ಬಸ ಬರುತ್ತದಾ? ನಾನು ಚೆನ್ನಾಗಿದ್ದೇನೆ ಎಂದು ಮಾತ್ರ ಬರೆಯಲಾರೆ. ಅಮ್ಮ ಆರಾಮಾಗಿದ್ದಾಳೆ. ನಿನ್ನ ಸ್ವೆಟರನ್ನು ಹೋದ ತಿಂಗಳೇ ಹೆಣೆದು ಮುಗಿಸಿದಳು. ಈ ವರ್ಷದ್ದಕ್ಕೆ ತೋಳೇ ಇಲ್ಲ, ನೂಲೂ ತೆಳ್ಳಗಿನದು. ಬೆಟ್ಟದ ಮೇಲೆ ಇದನ್ನು ಹಾಕಿಕೊಂಡು ಕೂತರೆ ಅಪ್ಪ ಮರಗಟ್ಟಿ ಹೋಗುತ್ತಾನೆ ಎಂದು ರೇಗಿಸಿದೆ. ನೂಲು ಸಾಲಲಿಲ್ಲ ಎಂದು ಮುಖ ತಿರುಗಿಸಿದಳು.

ನೆನಪಿದೆಯಾ, ಬೆಟ್ಟದ ಮೇಲೆ ಮಳೆನೀರು ಹಿಡಿದಿಡಲು ಜನ ಸಿಗದೆ ನಾನು ಒದ್ದಾಡುತ್ತಿದ್ದಾಗ, ನೀರು ಸರಬರಾಜಿನ ಕೆಲಸದಿಂದ ಆಗಷ್ಟೇ ನಿವೃತ್ತನಾಗಿದ್ದ ನೀನು ‘ಜೀವಮಾನವೆಲ್ಲ ಊರಿಗೆ ನೀರು ಬಿಟ್ಟೆ, ಇನ್ನು ಸ್ವಲ್ಪ ಹಿಡೀತೀನಿ’ ಎಂದು ಹಾಸಿಗೆ ಕಟ್ಟಿಕೊಂಡು ಹೊರಟೇಬಿಟ್ಟೆ. ಡಬ್ಬಿಯ ಮೇಲೆ ಆಲಿಕೆ ಇಡುವುದು, ನೀರು ಆವಿಯಾಗದಂತೆ ಮೇಲೊಂದು ಚಮಚ ಎಣ್ಣೆ ಬಿಡುವುದು, ಒಂದು ಗುಳ್ಳೆಯೂ ನಿಲ್ಲದಂತೆ ಬಾಟಲಿ ತುಂಬುವುದು, ಎಲ್ಲವನ್ನೂ ಒಂದೇ ಸಲಕ್ಕೆ ಕಲಿತೆ. ಎಲ್ಲ ನೀರೂ ಒಂದೇ ತೂಕದ್ದಲ್ಲ, ಸಮುದ್ರದಿಂದ ಹೊರಟ ಮೋಡ ಭಾರದ ನೀರನ್ನು ದಾರಿಯಲ್ಲೇ ಸುರಿಸುತ್ತದೆ, ಮೇಲೆ ಏರಿದಷ್ಟೂ ಹಗುರದ್ದು ಉಳಿಯುತ್ತದೆ, ಆದ್ದರಿಂದ ಒಂದು ಹನಿಯನ್ನು ಅಳೆದರೆ ಅದು ಎಲ್ಲಿಯ ಮಳೆ ಎಂದು ತಿಳಿಯಬಹುದು ಎಂದು ನಾನು ವಿವರಿಸಿದಾಗ ನೀನು ನಕ್ಕೆ. ‘ಹಾಗಾದ್ರೆ ಮೋಡಾನೂ ನನ್ನ ಹಾಗೇ ಕಣೇ, ಚೀಲ ಹೊತ್ತು ಮೆಟ್ಟಿಲು ಹತ್ತೋವಾಗ ಮೊದಲು ಕುಂಬಳಕಾಯಿ ಇಳಿಸಿಬಿಡುತ್ತೆ’ ಎಂದೆ. ಆ ಮಾತನ್ನು ನಾನು ಇವತ್ತಿಗೂ ತರಗತಿಯಲ್ಲಿ ಹೇಳುತ್ತೇನೆ.

ತಿಂಗಳು ತಿಂಗಳೂ ಬಸ್ಸಿನಲ್ಲಿ ಬಾಟಲಿಗಳು ಬಂದವು. ‘ನೀನು ಓಡಾಡ್ಬೇಡ, ನನಗೂ ಒಂದು ನಡಿಗೆ ಆಗುತ್ತೆ’ ಎಂದು ಅಮ್ಮನೇ ನಿಲ್ದಾಣಕ್ಕೆ ಹೋಗಿ ತಂದು, ಸುತ್ತಿದ ಕಾಗದ ಬಿಚ್ಚಿ, ಒರೆಸಿ, ನನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದಳು. ನಿನಗೆ ನಾನು ಬರೆದ ಕಾಗದಗಳನ್ನೂ ಅವಳೇ ಒಯ್ದು ಬಸ್ಸಿನಲ್ಲಿ ಕಳಿಸುತ್ತಿದ್ದಳು. ಒಂದರಲ್ಲೂ ಗುಳ್ಳೆ ಇರುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಎಲ್ಲರಿಗೂ ತೋರಿಸಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಲೆಕ್ಕ ಮಾತ್ರ ಕೂಡಿಬರಲಿಲ್ಲ. ಬೆಟ್ಟದ ಬುಡದ ಒರತೆಯ ನೀರು, ಅಂದರೆ ಈ ಊರೆಲ್ಲ ಕುಡಿಯುವ ನೀರು, ನಿನ್ನ ಮಳೆನೀರಿಗಿಂತ ಹಗುರವಾಗಿತ್ತು. ಯಂತ್ರ ಕೆಟ್ಟಿದೆ ಎಂದುಕೊಂಡೆ, ಸೀಸೆಗಳನ್ನೆಲ್ಲ ಮತ್ತೆ ತೊಳೆಸಿದೆ. ಜೊತೆಯಲ್ಲಿ ಕೆಲಸ ಮಾಡುವವಳು ‘ಬಾಟಲಿ ತುಂಬಿದವರನ್ನೇ ಒಂದ್ಸಲ ಕೇಳಿ ನೋಡು’ ಎಂದಳು. ‘ತುಂಬಿರೋದು ನನ್ನಪ್ಪ’ ಎಂದು ಅವಳ ಮೇಲೆ ಹರಿಹಾಯ್ದೆ, ಎಷ್ಟೋ ದಿನ ಮಾತು ಬಿಟ್ಟೆ. ನಿನ್ನ ಮೇಲೆ ಅನುಮಾನಪಡುವ ಬದಲು ಇಡೀ ಬೆಟ್ಟದ ಮೇಲೆಯೇ ಅನುಮಾನಪಟ್ಟೆ, ಅಪ್ಪಾ. ಒರತೆಯ ನೀರು ಈ ಬೆಟ್ಟದ ಮಳೆಯದಲ್ಲ, ಹಿಂದಿನ ಎತ್ತರದ ಸಾಲಿನಿಂದ ನೆಲದೊಳಗೆ ಹರಿದು ಬರುತ್ತಿದೆ ಎಂದು ತೀರ್ಮಾನಿಸಿದೆ. ಬೆಟ್ಟದಲ್ಲಿ ಕಲ್ಲು ಗಣಿಗೆ ಅನುಮತಿ ಕೊಡಬಹುದೇ ಎಂದು ಪುರಸಭೆ ಕರೆದಿದ್ದ ಸಭೆಯಲ್ಲಿ, ಗಣಿ ಮಾಡಿದರೆ ಒರತೆಗೆ ತೊಂದರೆಯಿಲ್ಲ ಎಂದು ಎದ್ದು ನಿಂತು ಹೇಳಿದೆ. ಗಣಿಯ ಮಾಲೀಕ ಓಡಿಬಂದು ನನ್ನ ಕೈ ಕುಲುಕಿದ. ಅವನ ಸಂತೋಷ ನೋಡಿದ ಮೇಲೆ ಲೆಕ್ಕದ ಪುಸ್ತಕವನ್ನು ಮತ್ತೆ ತೆರೆದೆ.

ನಿನ್ನ ಜೊತೆ ಕೂತು ಎಲ್ಲವನ್ನೂ ಮೊದಲಿಂದ ನೋಡೋಣ ಎಂದು ಹೇಳದೆ ಕೇಳದೆ ಬೆಟ್ಟ ಹತ್ತಿದೆ. ನೀನಿದ್ದ ಮನೆಯ ಬಾಗಿಲಿಗೆ ಬೀಗ. ಬೀಗಕ್ಕೆ ತುಕ್ಕು. ಡಬ್ಬಿ ಇಲ್ಲ, ಆಲಿಕೆ ಒಂದು ಕಡೆಗೆ ವಾಲಿ, ಅದರೊಳಗೆ ಕಣಜ ಗೂಡು ಕಟ್ಟಿತ್ತು. ಪಕ್ಕದ ಟವರಿನ ಕಾವಲುಗಾರ ಬಂದು, ‘ನಿಮ್ಮಪ್ಪ ಹೋಗಿ ಬಹಳ ಕಾಲ ಆಯ್ತಲ್ಲಮ್ಮಾ. ಉಬ್ಬಸ ಜೋರಾಗಿ, ಈ ಚಳೀಲಿ ಇರ್ಬೇಡಿ ಅಂತ ಡಾಕ್ಟ್ರು ಹೇಳಿದ್ರು. ಸಮುದ್ರದ ಕಡೆ ಎಲ್ಲೋ ಮನೆ ಮಾಡಿದಾರೆ. ನಿಮಗೆ ಗೊತ್ತಿಲ್ವಾ?’ ಎಂದ. ಗೊತ್ತಿದೆ ಎನ್ನುವಂತೆ ತಲೆಯಾಡಿಸಿದೆ. ನಿನ್ನ ಮಾನ ಉಳಿಸಲೋ ನನ್ನದನ್ನೋ, ತಿಳಿಯದು.

ಅಲ್ಲೇ ಹೊಸ ಡಬ್ಬಿ ಇಟ್ಟು ಬಂದೆ. ಒಂದು ಒಳ್ಳೆಯ ಮಳೆ ಬಿತ್ತು. ಆ ನೀರೂ ಒರತೆಯ ನೀರೂ ಯಂತ್ರದಲ್ಲಿ ಒಂದಕ್ಕೊಂದು ತಾಳೆಯಾದವು. ಒಂದು ಮಳೆಯಿಂದ ಎಲ್ಲವೂ ಸಾಬೀತಾಗುವುದಿಲ್ಲ, ನಿಜ. ಆದರೆ ನಾನು ಹೇಳಿದ್ದು ತಪ್ಪು ಎನ್ನಲು ಅಷ್ಟು ಸಾಕು. ನೀನು ಕಳಿಸಿದ್ದೆಲ್ಲ ಸಮುದ್ರದಂಡೆಯ ಮಳೆ.

ನಲ್ಲಿಯ ನೀರು ತುಂಬಿ ಕಳಿಸಿದ್ದರೆ ಸೋಮಾರಿ ಎಂದು ಬೈದು ಸುಮ್ಮನಾಗುತ್ತಿದ್ದೆ. ನೀನು ಹಾಗೆ ಮಾಡಲಿಲ್ಲ. ಪ್ರತಿ ಮಳೆಗೂ ಅಲ್ಲಿನ ಮಾಳಿಗೆಯ ಮೇಲೆ ಆಲಿಕೆ ಇಟ್ಟೆ, ಎಣ್ಣೆ ಬಿಟ್ಟೆ, ಗುಳ್ಳೆಯಿಲ್ಲದೆ ತುಂಬಿದೆ, ಆಮೇಲೆ ಚೀಟಿಯ ಮೇಲೆ ಈ ಬೆಟ್ಟದ ಹೆಸರು ಬರೆದೆ. ನೀರಿಗೆ ಅಷ್ಟು ನಿಯತ್ತಾಗಿದ್ದವನಿಗೆ ಮಗಳು ಯಾಕೆ ಬೇಡವಾದಳು? ಕುಂಬಳಕಾಯಿಯ ಮಾತು ಹೇಳಿದ್ದು ನೀನೇ. ಯಂತ್ರ ಕುರುಡು ಅಂದುಕೊಂಡೆಯಾ, ಇಲ್ಲ ನಾನೇ ಕುರುಡಿ ಅಂದುಕೊಂಡೆಯಾ? ನನ್ನ ಸಂಶೋಧನೆ ನಿಂತುಹೋಗುತ್ತದೆ ಎಂಬ ಮರುಕವಿದ್ದರೆ ಆ ಮರುಕ ನನಗೆ ಬೇಡ. ‘ಆಗ್ತಿಲ್ಲ ಕಣೇ’ ಎಂದು ಒಂದು ಮಾತು ಬರೆದಿದ್ದರೆ ಅವತ್ತೇ ಬಂದು ನಿನ್ನನ್ನು ಮನೆಗೆ ಕರೆತರುತ್ತಿದ್ದೆ. ನಿನ್ನ ಎದೆಗಿಂತ ನನ್ನ ಬಾಟಲಿ ದೊಡ್ಡದು ಎಂದು ನಿನಗೆ ಯಾರು ಹೇಳಿದರು? ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಗಿದೆ. ನೀನು ನನಗೆ ಮೋಸ ಮಾಡಿದೆ, ಅಪ್ಪಾ. ಬೇರೆ ಮೆತ್ತಗಿನ ಪದ ಹುಡುಕಿದೆ, ಸಿಗಲಿಲ್ಲ.

ನಾಳಿದ್ದು ಮತ್ತೆ ಸಭೆ. ಗಣಿಗೆ ಅನುಮತಿ ಕೊಡಬೇಡಿ, ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಹೇಳುತ್ತೇನೆ. ಯಾಕೆ ಎಂದು ಕೇಳದೆ ಬಿಡುವುದಿಲ್ಲ. ಡಬ್ಬಿ ಸೋರಿತ್ತು ಎಂದರೆ ಎಲ್ಲರೂ ನಂಬುತ್ತಾರೆ, ನಿನ್ನ ಮಾತು ಬರುವುದೇ ಇಲ್ಲ. ಹಾಗೆ ಹೇಳಲಾರೆ. ಬಾಟಲಿಗಳು ಬೆಟ್ಟದವಲ್ಲ, ತುಂಬಿ ಕಳಿಸಿದ್ದು ನನ್ನ ತಂದೆ, ಅಪ್ಪ ಎಂಬ ಒಂದೇ ಕಾರಣಕ್ಕೆ ನಾನು ಪರೀಕ್ಷಿಸಲಿಲ್ಲ ಎಂದೇ ಹೇಳುತ್ತೇನೆ. ನಿನ್ನ ಹಳೆಯ ಸಹೋದ್ಯೋಗಿಗಳೂ ಅಲ್ಲಿರುತ್ತಾರೆ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಬರೆದಿದ್ದೇನೆ.

ಔಷಧಿ ತಪ್ಪಿಸಬೇಡ. ಒದ್ದೆ ಗಾಳಿಗೆ ತಲೆಯೊಡ್ಡಿ ಕೂರಬೇಡ. ನಮಸ್ಕಾರ ಎಂದು ಬರೆಯಲು ಕೈ ತಡೆಯುತ್ತಿದೆ, ಆದರೂ ನಮಸ್ಕಾರ.

ಹಿಡಿದರೆ ಬಿಡುವವಳಲ್ಲ ಎಂದು ನೀನೇ ಹೆಸರಿಟ್ಟ,
ಜಿಗಣೆ

ಮರೆತ ಮಾತು: ಮನೆಗೆ ಬಂದು ಅವಸರದಲ್ಲಿ ಇದನ್ನು ಸೇರಿಸುತ್ತಿದ್ದೇನೆ. ಎಲ್ಲ ಬರೆದಾದ ಮೇಲೆ ನಿನ್ನ ವಿಳಾಸವೇ ಗೊತ್ತಿಲ್ಲ ಎಂಬುದು ನೆನಪಾಯಿತು. ಕಾವಲುಗಾರನನ್ನು ಕೇಳೋಣ ಎಂದು ಲಕೋಟೆಯ ಮೇಲೆ ‘ಅಪ್ಪನಿಗೆ’ ಎಂದಷ್ಟೇ ಬರೆದು ಮೇಜಿನ ಮೇಲಿಟ್ಟಿದ್ದೆ. ಎದೆ ಒಡೆದುಕೊಳ್ಳುತ್ತಾಳೆಂದು ಅಮ್ಮನಿಗೆ ನಾನಿನ್ನೂ ಏನನ್ನೂ ಹೇಳಿರಲಿಲ್ಲ. ಅವಳು ಸ್ವೆಟರ್ ಮಡಿಸುತ್ತಿದ್ದವಳು ಬಂದು, ಲಕೋಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಪೆನ್ನು ಕೇಳಿದಳು. ಮನೆ ನಂಬರು, ದೀಪಸ್ತಂಭದ ಹಿಂದಿನ ರಸ್ತೆ, ಊರು, ಪಿನ್‌ಕೋಡು, ಎಲ್ಲಿಯೂ ತಡೆಯದೆ, ಎಲ್ಲಿಯೂ ನೋಡದೆ ಬರೆದು ಮುಗಿಸಿದಳು.